ಬೋಣಿಗಿ ಆಗೂತನಾ

ನಮ್ಮ ಪ್ರತಿಷ್ಠಾನದ ಪುಸ್ತಕದಾಗ ಮೊದಲನೇ ಪುಟಕ್ಕ ನಮ್ಮ ಮಾವನವರ ಫೋಟೋ ಐತಿ. ಕೆಳಗ ‘ಇವರ ವಿಶಾಲ ಹೃದಯದಿಂದ ಹುಟ್ಟಿದ್ದು’ ಅಂತ ಬರದಾರ. ಬರಸಿದಾಂವ ನನ್ನ ಮೈದುನ. ಸುಳ್ಳು ಎಷ್ಟ ಚಂದ ಅಚ್ಚಾಗತೈತಿ ನೋಡ್ರಿ! ಪ್ರತಿಷ್ಠಾನ ಹುಟ್ಟಿದ್ದು ನಾ ಆಡಿದ ಒಂದು ಕೆಟ್ಟ ಮಾತಿನಿಂದ.

ಗೋಕಾಕದಾಗ ನಮ್ಮದು ಅರಿವಿ ಅಂಗಡಿ. ಆಮ್ಯಾಲ ಹುಕ್ಕೇರಿಯಾಗೊಂದು, ಮೂಡಲಗಿಯಾಗೊಂದು ತಗದ್ವಿ. ಮೂಡಲಗಿದು ನನ್ನ ಕೈಯಾಗಿತ್ತು. ದಿನಾ ಮುಂಜಾನೆ ಬಾಗಲಾ ತಗದು, ಊದಿನಕಡ್ಡಿ ಹಚ್ಚಿ ಬೋಣಿಗಿಗೆ ಕಾಯೂದು. ದಿನದ ಮೊದಲನೇ ವ್ಯಾಪಾರ ಶುಭದ್ದ ಆಗಬೇಕು, ಸತ್ತವರಿಗೆ ಹಾಕೂ ಅರಿವಿ ಬೋಣಿಗಿಗೆ ಕೊಡಬಾರದು ಅಂತ ಮಾವನವರು ಕಲಿಸಿದ್ರು. ಯಾಕ ಅಂತ ನಾ ಒಂದ ದಿನಾನೂ ಕೇಳಲಿಲ್ಲ.

ಅವತ್ತು ಬಾಗಲಾ ತಗಿಯೂದ್ರಾಗ ಒಬ್ಬಾಂವ ಬಂದು ನಿಂತಿದ್ದ. ಕಬ್ಬು ಕಡಿಯೂ ಆಳು, ಕಾಲಿಗೆ ಇನ್ನೂ ರಾಡಿ. ಮುಂದ ತೂಗಹಾಕಿದ್ದ ಕೆಂಪು ಫ್ರಾಕ್ ಕೇಳಿದ. ಏಳು ವರ್ಷದ ಮಗಳಿಗಂತ. ಸಂತಿ ದಿನ ನೋಡಿ ಅದ ಬೇಕಂತ ಹಟಾ ಹಿಡದಿದ್ಳಂತ. ಅಳತಿ ತಪ್ಪಿದ್ರ ತ್ರಾಸಾಗತೈತಿ, ಕೂಸಿನ್ನ ಕರಕೊಂಡ ಬರ್ರಿ ಅಂದೆ.

“ಆಕಿ ನಿನ್ನೆ ತೀರಿಹೋದ್ಳರಿ, ಅಕ್ಕಾರ,” ಅಂದ. “ಹೊಸಾದು ಹಾಕಿ ಮಣ್ಣಿಗೆ ಕಳಸಬೇಕ್ರಿ.”

ನನ್ನ ಕೈ ಫ್ರಾಕ್ ಮ್ಯಾಲ ಇತ್ತು. ತಗದು ಕೊಡಬೇಕಿತ್ತು. ನಾ ಕೈ ಹಿಂದಕ್ಕ ತಗೊಂಡೆ. ಬೋಣಿಗಿ ಆಗಲಿ, ಅಲ್ಲೀತನಾ ಕುಂದರ್ರಿ ಅಂದೆ. ಅಂವ ಸಿಟ್ಟಾಗಲಿಲ್ಲ. ಹೌದ್ರಿ, ಬೋಣಿಗಿ ಆಗಬೇಕಲ್ಲ ಅಂತ ಬಾಗಲಾ ಮುಂದಿನ ಪಾವಟಿಗಿ ಮ್ಯಾಲ ಕುಂತ. ಅವತ್ತ ನೋಡ್ರಿ, ಒಂದ ತಾಸಾತು, ಎರಡ ತಾಸಾತು, ಒಬ್ಬರೂ ಒಳಗ ಬರಲಿಲ್ಲ. ನಾ ಅವನ ಕಡೆ ನೋಡಲಾರದ ಮಡಚಿದ ಸೀರೀನ ಮತ್ತ ಮಡಚಿದೆ. ಕಡೀಕ ಒಬ್ಬಾಕಿ ಮುದುಕಿ ಬಂದು ಕುಬಸದ ಖಣ ಒಯ್ದ ಮ್ಯಾಲ ಫ್ರಾಕ್ ಕೊಟ್ಟೆ. ರೊಕ್ಕ ತಗೋಳಿಲ್ಲ. ಅದಕ್ಕ ದೊಡ್ಡ ಉಪಕಾರ ಮಾಡಿದಂಗ ಅನಿಸಿತ್ತು ನನಗ, ಥೂ!

ಮರುದಿನ ಅವನ ಊರಿನ ಗಿರಾಕಿ ಒಬ್ಬರು ಹೇಳಿದ್ರು. ಕೂಸಿನ ಹೆಣಾ ಬಾಳ ಹೊತ್ತು ಇಡಬಾರದಂತ ಹಿರ್ಯಾರು ಅವಸರ ಮಾಡಿದ್ರಂತ. ಅಪ್ಪನ ದಾರಿ ನೋಡಿ ನೋಡಿ ಆಕೀ ದೊಡ್ಡಪ್ಪನೇ ಕೂಸಿನ್ನ ಮಣ್ಣು ಮಾಡಿದ್ನಂತ. ಅಂವ ಫ್ರಾಕ್ ಹಿಡಕೊಂಡು ಮುಟ್ಟೂದ್ರಾಗ ಮಂದಿ ಕೈಕಾಲು ತೊಳಕೊಂಡು ಹೊಂಟಿದ್ರಂತ.

ನಾ ಅಂಗಡಿ ಮುಚ್ಚಿ ಗೋಕಾಕಕ್ಕ ಹೋದೆ. ಮಾವನವರ ಮುಂದ ಕುಂತು ಅತ್ತೆ, ಜಗಳಾನೂ ಆಡಿದೆ. ಸಾವಿನ ಮನಿಯವರು ಬಂದ್ರ ಅವರದ ಮೊದಲು, ಅದೂ ಪುಕ್ಕಟೆ, ಮೂರೂ ಅಂಗಡ್ಯಾಗ. ಇಲ್ಲಂದ್ರ ನಾ ಕೀಲಿ ಮುಟ್ಟಂಗಿಲ್ಲ ಅಂದೆ. ಮಾವನವರು ಒಂದ ವಾರ ನನ್ನ ಕೂಡ ಮಾತಾಡಲಿಲ್ಲ. ಆಮ್ಯಾಲ ಹೂಂ ಅಂದ್ರು. ದವಾಖಾನಿಯಿಂದ ಹೆಣಾ ಮನಿಗೆ ಮುಟ್ಟಸಾಕ ಒಂದು ಗಾಡಿ ತಗೊಂಡ್ವಿ, ಮೈದುನ ನೋಂದಣಿ ಮಾಡಿಸಿದ, ಪ್ರತಿಷ್ಠಾನ ಆತು.

ಉದ್ಘಾಟನೆಗೆ ಕರಿಯಾಕ ಕಾರ್ಡ್ ಹಿಡಕೊಂಡು ಆ ಕೂಸಿನ ಮನಿಗೆ ಹೋದೆ. ಖರೆ ಹೇಳಬೇಕಂದ್ರ ಕ್ಷಮಾ ಕೇಳಾಕ ಹೋಗಿದ್ದೆ. ಅಂವ ಅಂಗಳದಾಗ ನಿಂತು ಸಣ್ಣ ದನೀಲೆ ಅಂದ: “ನಾ ಬಾಜೂ ಅಂಗಡಿಗರೆ ಹೋಗಬೇಕಿತ್ರಿ. ಅವತ್ತಿಂದ ಮನಿಯಾಕಿ ನನ್ನ ಕೂಡ ಮಾತ ಬಿಟ್ಟಾಳ.”

ನನ್ನ ತಪ್ಪು ಇಷ್ಟು ದಿನ ಅಂವ ಹೊತ್ತಿದ್ದ. ನಾ ಸೀದಾ ಒಳಗ ಹೋದೆ. ಅವನ ಹೇಣ್ತಿ ಒಳಗ ಜೋಳ ಹಸನ ಮಾಡಾಕತ್ತಿದ್ಳು. ಆಕಿ ಮುಂದ ಕುಂತು, ತಡೀರಿ ಅಂದಾಕಿ ನಾನು, ಅವರ ತಪ್ಪೇನೂ ಇಲ್ಲ, ಬೈಯೂದಿದ್ರ ನನ್ನ ಬೈರಿ ಅಂದೆ.

ಆಕಿ ಮರಾ ಕೆಳಗಿಟ್ಳು. ಬಾಗಲದಾಗ ನಿಂತ ಗಂಡನ ಕಡೆ ನೋಡಲಿಲ್ಲ.

“ನೀವು ಹೊರಗಿನವ್ರು, ಕುಂದರ್ರಿ ಅಂದ್ರಿ,” ಅಂದ್ಳು. “ಎರಡ ತಾಸು ಕುಂತಾಂವ ಕೂಸಿನ ಅಪ್ಪ ಅಲ್ಲೇನ್ರಿ?”