ಹರಿಗೋಲು ಹತ್ತಿದ ಗ್ರಾಮಫೋನು

ಕೊಟ್ಟೂರಿನ ಮೈಕ್‌ಸೆಟ್ ಸಾಬರು ಹಾಡನ್ನು ಎಂದೂ ನಡುವೆ ನಿಲ್ಲಿಸಿದವರಲ್ಲ. ಮದುವೆಮನೆಯವರು ಎಷ್ಟೇ ಅವಸರ ಮಾಡಲಿ, ಕೈ ಎತ್ತಿ, "ಹಾಡು ಅರ್ಧಕ್ಕ ಬಿಡಬಾರ್ದ್ರಿ" ಎನ್ನುತ್ತಿದ್ದರು.

ಒಮ್ಮೆ ಹಡಗಲಿ ಕಡೆಯ ದಿಬ್ಬಣವೊಂದು ತುಂಗಭದ್ರೆ ದಾಟಬೇಕಿತ್ತು. ಮದುಮಗನ ಅಜ್ಜಿ ಹಟ ಹಿಡಿದಳು: "ನನ್ನ ಮದುವ್ಯಾಗ ಕೇಳಿದ ನಾಟಕದ ಹಾಡು ಹಚ್ಚಿದ್ರ ಮಾತ್ರ ಹರಿಗೋಲು ಹತ್ತತೀನಿ." ಆ ಹಾಡಿನ ಹಳೇ ಪ್ಲೇಟು ಇದ್ದದ್ದು ಸಾಬರಲ್ಲಿ ಮಾತ್ರ. ಅವರಿಗೋ ನೀರೆಂದರೆ ಜೀವಭಯ. ಆದರೂ ಕೀಲಿ ಕೊಡುವ ಗ್ರಾಮಫೋನನ್ನು ಹೊತ್ತು, ದಿಬ್ಬಣಕ್ಕೆ ಬಂಡಿ ಕಟ್ಟಿದ್ದ ನನ್ನ ಪಕ್ಕ ಏರಿ ಕೂತರು. ಹೊಳೆಯವರೆಗೂ ನನ್ನ ಎತ್ತುಗಳಿಗೆ ಅದೇ ಹಾಡು ಹೇಳಿಕೊಂಡು ಬಂದರು.

ಎತ್ತುಗಳನ್ನು ದಂಡೆಯಲ್ಲಿ ಕಟ್ಟಿ ನಾನೂ ಜೊತೆಗೆ ಹೊರಟೆ. ಹರಿಗೋಲು ಹತ್ತುವಾಗ ಅಜ್ಜಿಯೇ ಸಾಬರ ಕೈ ಹಿಡಿದಳು. ಸಾಬರು ಗ್ರಾಮಫೋನನ್ನು ತೊಡೆಯ ಮೇಲಿಟ್ಟುಕೊಂಡು ಹಾಡು ಹಚ್ಚಿದರು. ನಡುಹೊಳೆಯಲ್ಲಿ ಹರಿಗೋಲು ಗರಗರ ತಿರುಗತೊಡಗಿತು.

"ಏ ಅಂಬಿಗಪ್ಪ, ತಿರುಗಬೇಕಾದ್ದು ನನ್ನ ಪ್ಲೇಟಪಾ, ನಾವಲ್ಲ!"

"ಹರಿಗೋಲೇನು ರೈಲೇನ್ರಿ ಸಾಬ್ರ, ನೆಟ್ಟಗ ಹೋಗಾಕ?"

ಎಲ್ಲರ ನಗುವಿಗೆ ಹರಿಗೋಲು ಇನ್ನಷ್ಟು ಓಲಾಡಿತು. ಸಾಬರು ಅದರ ಜೊತೆ ತಾವೂ ಓಲಾಡುತ್ತ ಪ್ಲೇಟಿನ ಮೇಲಿನ ಮುಳ್ಳು ಜಾರದಂತೆ ನೋಡಿಕೊಂಡರು. ಹಾಡು ಮುಗಿದಾಗಲೆಲ್ಲ ಅಜ್ಜಿ, "ಮತ್ತ ಹಚ್ಚಪಾ" ಎನ್ನುತ್ತಿದ್ದಳು.

ಆಚೆ ದಂಡೆ ಬಂದಾಗಲೂ ಹಾಡು ನಡೆದಿತ್ತು. ಸಾಬರು ಬದುಕಿದೆ ಎನ್ನುವಂತೆ ಒಂದು ಕಾಲನ್ನು ಹೊರಗಿಟ್ಟು, ಮುಳ್ಳು ಎತ್ತಲು ಹೋದರು.

ಅಜ್ಜಿ ಕೈ ಎತ್ತಿದಳು. "ಹಾಡು ಅರ್ಧಕ್ಕ ಬಿಡಬಾರ್ದ್ರಿ ಸಾಬ್ರ!"

ಸಾಬರು ದಂಡೆಯನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿದರು. ಕಾಲನ್ನು ಒಳಗೆಳೆದುಕೊಂಡು ಕೂತರು. "ಅಂಬಿಗಪ್ಪ, ಇನ್ನೊಂದು ಸುತ್ತು ಹೊಡಿಯಪಾ" ಎಂದರು.

ಆರತಿ ಹಿಡಿದು ನಿಂತ ಬೀಗರನ್ನು ದಂಡೆಯಲ್ಲೇ ಬಿಟ್ಟು ನಾವು ತಿರುಗುತ್ತ, ಹಾಡುತ್ತ ಮತ್ತೆ ಹೊಳೆಗೆ ಹೊರಟೆವು.