ಪರೀಕ್ಷೆ ಕೆಡಿಸಿದ ಫ್ರೆಂಚ್ ಪ್ರೆಸ್

ಸ್ನೇಹಿತರೇ, ಇವತ್ತಿನಿಂದ ನಮ್ಮನೆಯಲ್ಲಿ ನಾನೇ ಕಲಬೆರಕೆ ಕಳ್ಳ.

ಒತ್ತುವ ಜಾಲರಿಯಿರುವ ಕಾಫಿ ಜಗ್ಗು, ಅಂದರೆ ಫ್ರೆಂಚ್ ಪ್ರೆಸ್‌ಗೆಂದು ಚನ್ನಪಟ್ಟಣದ ಅಂಗಡಿಯಲ್ಲಿ ಕಾಫಿಬೀಜವನ್ನು ತರಿತರಿಯಾಗಿ ಪುಡಿ ಮಾಡಿಸಿ ತಂದೆ. "ಚಿಕೋರಿ ಒಸಿನೂ ಇಲ್ಲ ಕಣಣ್ಣ" ಎಂದಿದ್ದ ಅಂಗಡಿಯವನು. ಅವ್ವ ನಂಬಲಿಲ್ಲ. ಅಸಲಿ ಪುಡಿ ನೀರಲ್ಲಿ ತೇಲುತ್ತದೆ, ಚಿಕೋರಿ ಮುಳುಗುತ್ತದೆ ಎನ್ನುವುದು ಅವಳ ಪರೀಕ್ಷೆ.

ಗಾಜಿನ ಜಗ್ಗಿನಲ್ಲಿ ಪುಡಿಗೆ ಬಿಸಿನೀರು ಹೊಯ್ದೆ. ಎಲ್ಲ ಮೇಲೆ ಬಂತು.

"ತೇಲ್ತಾ ಐತೆ. ತಡಿ, ನೋಡಾನ" ಎಂದು ಅವ್ವ ಎದುರಿಗೇ ಕೂತಳು.

ನಾಲ್ಕು ನಿಮಿಷ ಬಿಟ್ಟು ಜಾಲರಿಯನ್ನು ಕೆಳಕ್ಕೆ ಒತ್ತಿದೆ. ಪುಡಿಯೆಲ್ಲ ತಳ ಸೇರಿತು.

"ಚಿಕೋರಿ ಮುಳುಗೋದು ಕಾಣ್ಬಾರ್ದು ಅಂತ ಎಲ್ಲಾನೂ ಮುಳುಗಿಸ್ಬುಟ್ಟೇನ್ಲಾ? ಅಂಗಡಿಯೋನು ಹೇಳ್ಕೊಟ್ನಾ?"

ಕಾಫಿ ಮಾಡುವ ಕ್ರಮವೇ ಅದು ಎಂದರೂ ಕೇಳಲಿಲ್ಲ. ಬಗ್ಗಿಸಿಕೊಟ್ಟ ಕಾಫಿಯ ಲೋಟ ಬರಿದು ಮಾಡಿ, ನನ್ನನ್ನೇ ದಿಟ್ಟಿಸುತ್ತ ಮತ್ತೆ ಚಾಚಿದಳು: "ಇನ್ನೊಸಿ ಹಾಕು. ಅನುಮಾನ ಹೋಗಿಲ್ಲ."