ಎಡಗಡೆಯ ಬ್ರೇಕು

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದ ಮೇಲಿನ ಎರಡನೇ ಭಾನುವಾರ. ರಾಗಿ ಕೊಯ್ದು ಒಕ್ಕಣೆ ಮುಗಿದು ಹೊಲಗಳೆಲ್ಲ ಖಾಲಿ ಬಿದ್ದಿದ್ದವು. ಬೇಲೂರು ಕಡೆಯ ಹಗರೆ ಊರಿನ ಹತ್ತಿರ ಒಬ್ಬರ ಬೀಳು ಜಮೀನಿನಲ್ಲಿ ಕಾರ್ ರೇಸ್ ಇಟ್ಟುಕೊಂಡಿದ್ದರು. ಆಟೋಕ್ರಾಸ್ ಎನ್ನುತ್ತಾರೆ. ಮಣ್ಣಿನ ಹಾದಿಯಲ್ಲಿ ಒಂದೊಂದೇ ಕಾರು ಬಿಡುತ್ತಾರೆ, ಯಾರು ಬೇಗ ಸುತ್ತಿ ಬರುತ್ತಾರೋ ಅವರು ಗೆದ್ದಂತೆ. ಆ ದಿನ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಓದಿದವರು ‘ಇಷ್ಟಕ್ಕೆಲ್ಲ ಯಾಕಮ್ಮ ಕೋಪ’ ಎಂದರೂ ಪರವಾಗಿಲ್ಲ, ಪೂರ್ತಿ ಓದಿ ಆಮೇಲೆ ಹೇಳಲಿ.

ನಮ್ಮದು ಅರಸೀಕೆರೆ. ಅಪ್ಪ ಮೂವತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾರೆ. ಊರಿನವರ ಬಾಯಲ್ಲಿ ಅವರು ಡ್ರೈವಿಂಗ್ ಮೇಷ್ಟ್ರು. ನನ್ನನ್ನು ಅದೇ ಊರಿಗೆ ಕೊಟ್ಟಿದ್ದರಿಂದ ಮದುವೆಯಾದ ಮೇಲೂ ಸ್ಕೂಲು ಬಿಡಲಿಲ್ಲ. ಹತ್ತು ವರ್ಷದಿಂದ ಹೆಂಗಸರಿಗೆಲ್ಲ ಕಲಿಸುವವಳು ನಾನೇ. ಅಂಗನವಾಡಿ ಟೀಚರು, ಬ್ಯಾಂಕಿನವರು, ತೆಂಗಿನ ತೋಟದ ಸಾಹುಕಾರರ ಸೊಸೆಯರು, ಎಲ್ಲರೂ ನನ್ನ ಪಕ್ಕ ಕೂತು ಬೆವರಿ ಕಲಿತವರೇ.

ಸ್ಕೂಲಿನಲ್ಲಿ ಎರಡು ಕಾರುಗಳಿದ್ದವು. ಹಳೆಯದು ಎಂಟುನೂರು ಸಿಸಿಯ ಪುಟ್ಟ ಕಾರು, ಕೆಂಪು ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು. ರೇಸಿನ ಸುದ್ದಿ ತಂದವನು ವೆಲ್ಡಿಂಗ್ ಶಾಪಿನ ಮಂಜಣ್ಣ. ‘ಸಣ್ಣ ಕಾರಿಗೇ ಬೇರೆ ಕ್ಲಾಸು ಐತಂತೆ ಕಣಕ್ಕ, ಊರೋರು ಯಾರು ಬೇಕಾದ್ರೂ ಓಡುಸ್ಬೋದಂತೆ. ನಿಮ್ಮ ಹಳೇ ಕಾರ್ನ ರೆಡಿ ಮಾಡಾನ’ ಎಂದ. ನಾನು ನಗಾಡಿದೆ. ಆದರೆ ರಾತ್ರಿ ಪೂರ್ತಿ ಅದೇ ಯೋಚನೆ. ಹತ್ತು ವರ್ಷ ಬೇರೆಯವರಿಗೆ ‘ನಿಧಾನ, ನಿಧಾನ’ ಎಂದು ಹೇಳಿ ಹೇಳಿ ನನಗೂ ಸಾಕಾಗಿತ್ತು. ಒಂದು ಸಲವಾದರೂ ಮನಸ್ಸಿಗೆ ಬಂದಷ್ಟು ಜೋರಾಗಿ ಓಡಿಸಬೇಕು ಅನ್ನಿಸಿತು.

ಕಾರು ಸಿದ್ಧ ಮಾಡಲು ಮೂರು ವಾರ ಹಿಡಿಯಿತು. ಹಿಂದಿನ ಸೀಟು, ಕೆಳಗಿನ ಮ್ಯಾಟು, ಬಾಗಿಲ ಒಳಗಿನ ಹೊದಿಕೆ, ಎಲ್ಲ ಕಿತ್ತು ಭಾರ ಇಳಿಸಿದೆವು. ಮಂಜಣ್ಣ ಗುಜರಿ ಅಂಗಡಿಯಿಂದ ಓಮಿನಿ ವ್ಯಾನಿನ ಸ್ಪ್ರಿಂಗ್ ತಂದು ಹಾಕಿ ಗಾಡಿಯನ್ನು ಎತ್ತರಿಸಿದ. ಇಂಜಿನ್ನಿಗೆ ಕಲ್ಲು ಬಡಿಯದಿರಲಿ ಎಂದು ಹಳೇ ನೀರಿನ ಡ್ರಮ್ಮಿನ ತಗಡು ಕತ್ತರಿಸಿ ಅಡಿಗೆ ಕಟ್ಟಿದ. ಪಲ್ಟಿಯಾದರೆ ತಲೆ ಉಳಿಯಲಿ ಎಂದು ಒಳಗೆ ಕಬ್ಬಿಣದ ಪೈಪಿನ ಚೌಕಟ್ಟು ಕೂರಿಸಿದ. ಎಲ್ಲವನ್ನೂ ಬಿಚ್ಚಿ ತೆಗೆಯುವಂತೆ ಬೋಲ್ಟ್ ಹಾಕಿಯೇ ಮಾಡಿದ್ದು. ಯಾಕೆಂದರೆ ಸೋಮವಾರದಿಂದ ಅದೇ ಕಾರು ಮತ್ತೆ ಕಲಿಯುವವರಿಗೆ ಬೇಕಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಕೂರುವ ಮೇಷ್ಟ್ರ ಕಾಲಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಕಲಿಯುವವರು ಗಾಬರಿಯಾದರೆ ಮೇಷ್ಟ್ರು ಅಲ್ಲಿಂದಲೇ ಗಾಡಿ ನಿಲ್ಲಿಸಬಹುದು. ಆ ಪೆಡಲ್ಲುಗಳನ್ನೂ ತೆಗೆಯೋಣವೇ ಎಂದು ಮಂಜಣ್ಣ ಕೇಳಿದಾಗ ಅಪ್ಪ, ‘ಅದ್ಯಾಕ್ಲಾ ಬಿಚ್ತೀಯ, ಸೋಮ್ವಾರ ಮತ್ತೆ ಹಾಕೋರ್ಯಾರು? ಇರ್ಲಿ ಬಿಡು’ ಎಂದರು. ನಾವೂ ಬಿಟ್ಟೆವು. ನಮಗೆ ಅದು ಕಾರಿನ ಒಂದು ಅಂಗವೇ ಆಗಿಹೋಗಿತ್ತು, ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಹೊಳೆಯಲೇ ಇಲ್ಲ.

ಅವತ್ತು ಬೆಳಿಗ್ಗೆ ಕಾರನ್ನು ನಾನೇ ಓಡಿಸಿಕೊಂಡು ಹೋದೆ. ಹೆಸರು ಬರೆಸಲು ಟೇಬಲ್ ಮುಂದೆ ನಿಂತರೆ ರೇಸ್ ಸಮಿತಿಯ ಮುಖ್ಯಸ್ಥರು ನನ್ನ ಹಿಂದೆ ಮುಂದೆ ನೋಡಿ, ‘ಯಜಮಾನ್ರು ಎಲ್ಲಮ್ಮ? ಡ್ರೈವರೇ ಬಂದು ಸೈನ್ ಹಾಕ್ಬೇಕು’ ಎಂದರು.

‘ಡ್ರೈವರ್ ನಾನೇ ಸಾರ್.’

‘ಓಹೋ! ಹುಷಾರಮ್ಮ, ಇದು ಅರಸೀಕೆರೆ ಬಸ್‌ಸ್ಟ್ಯಾಂಡ್ ರೋಡಲ್ಲ’ ಎಂದು ನಕ್ಕರು. ಸುತ್ತ ಇದ್ದವರೂ ನಕ್ಕರು. ನಾನು ಸೈನ್ ಹಾಕಿದೆ.

ಆಮೇಲೆ ಗಾಡಿ ತಪಾಸಣೆ. ಬೆಲ್ಟು, ಬ್ಯಾಟರಿ, ಬೆಂಕಿ ನಂದಿಸುವ ಸಿಲಿಂಡರು ಎಲ್ಲ ನೋಡಿದರು. ತಪಾಸಣೆ ಮಾಡುತ್ತಿದ್ದಾತ ಎಡಗಡೆ ಬಗ್ಗಿ, ‘ಇದೇನ್ರೀ, ಎರಡೆರಡು ಸೆಟ್ ಪೆಡ್ಲು! ಸ್ಕೂಲ್ ಕಾರಾ?’ ಎಂದು ಕೇಳಿ, ನಗುತ್ತಲೇ ಗಾಜಿಗೆ ಪಾಸ್ ಚೀಟಿ ಅಂಟಿಸಿದ. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು. ಅವರು ನೋಡಿದ್ದರು. ನೋಡಿಯೇ ಪಾಸ್ ಮಾಡಿದ್ದರು.

ದಾರಿ ಹೇಳಲು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದು ಎಂಬ ನಿಯಮವಿತ್ತು. ಅಪ್ಪ ಕೂತರು. ಯಾರದೋ ಬೈಕಿನ ಹೆಲ್ಮೆಟ್ ತಲೆಗೆ ಏರಿಸಿಕೊಂಡು ಕೂತ ಅವರನ್ನು ನೋಡಿ ನನಗೆ ಹೆಮ್ಮೆಯೂ ಆಯಿತು, ನಗುವೂ ಬಂತು. ಮಂಜಣ್ಣ ಟೈರಿನ ಅಡಿಗೆ ನಿಂಬೆಹಣ್ಣು ಇಟ್ಟ. ಬಾವುಟ ಬಿತ್ತು. ಹೊರಟೆ.

ಆ ಎರಡು ನಿಮಿಷವನ್ನು ಹೇಗೆ ಹೇಳಲಿ? ಮುಂದೆ ಬರೀ ಧೂಳು. ಮೊದಲ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು, ಹೆದರಿಕೆಯಾಗಲಿಲ್ಲ, ಸ್ಟೇರಿಂಗ್ ನನ್ನ ಮಾತು ಕೇಳುತ್ತಿತ್ತು. ಮೂರನೆಯ ತಿರುವಿನಲ್ಲಿ ಒಂದು ಹೊಂಗೆಮರ, ಅದರ ಬುಡದಲ್ಲಿ ಇಳಿಜಾರು. ಅಲ್ಲಿ ಮಾತ್ರ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ತಡೆಯಿತು. ಮಣ್ಣು ಸಡಿಲವಿರಬೇಕು ಎಂದುಕೊಂಡು ಗೇರ್ ಇಳಿಸಿ ಮತ್ತೆ ಒತ್ತಿದೆ. ಮುಗಿಸಿದಾಗ ಗಡಿಯಾರ ಹಿಡಿದಿದ್ದ ರಿಟೈರ್ಡ್ ಪಿ.ಟಿ. ಮೇಷ್ಟ್ರು ‘ಎರಡು ನಿಮಿಷ ಹನ್ನೊಂದು ಸೆಕೆಂಡು!’ ಎಂದು ಮೈಕಿನಲ್ಲಿ ಕೂಗಿದರು. ಅದುವರೆಗೆ ಮೊದಲಿದ್ದವನು ಬೇಲೂರಿನ ಕಡೆಯ ಒಬ್ಬ ಗುತ್ತಿಗೆದಾರನ ಮಗ, ಅವನದು ಎರಡು ಹದಿನಾಲ್ಕು. ಉಳಿದವರು ಯಾರೂ ನನ್ನ ಹತ್ತಿರಕ್ಕೂ ಬರಲಿಲ್ಲ. ನಮ್ಮ ಕ್ಲಾಸಿನಲ್ಲಿ ನಾನೇ ಮೊದಲು.

ಊಟದ ಹೊತ್ತಿಗೆ ಮೈಕಿನಲ್ಲಿ ನಮ್ಮನ್ನು ಕರೆದರು. ಬಹುಮಾನಕ್ಕೆ ಎಂದುಕೊಂಡು ಓಡಿ ಹೋದೆ. ಅಲ್ಲಿ ಆ ಗುತ್ತಿಗೆದಾರನ ಮಗ ಕೈ ಕಟ್ಟಿಕೊಂಡು ನಿಂತಿದ್ದ. ‘ಅವರ ಕಾರಲ್ಲಿ ಲೆಫ್ಟಲ್ಲೂ ಕಂಟ್ರೋಲ್ ಇದೆ ಸಾರ್. ಪಕ್ಕದಲ್ಲಿ ಕೂತಿರೋರು ಮೂವತ್ತು ವರ್ಷ ಡ್ರೈವಿಂಗ್ ಕಲಿಸ್ದೋರು. ಓಡಿಸಿದ್ದು ಅವ್ರೇ ಅಲ್ವಾ? ಇವ್ರು ಸುಮ್ನೆ ಸ್ಟೇರಿಂಗ್ ಹಿಡ್ಕೊಂಡಿದ್ರು’ ಎಂದ.

ನನಗೆ ರಕ್ತ ತಲೆಗೇರಿತು. ‘ಆ ಕಡೆ ಆಕ್ಸಿಲರೇಟರ್ ಇದೆಯಾ ನೋಡ್ರಿ! ಸ್ಟೇರಿಂಗ್ ಇದೆಯಾ? ಇರೋದು ಕ್ಲಚ್ಚು, ಬ್ರೇಕು. ಬ್ರೇಕ್ ಒತ್ತಿ ಯಾರಾದ್ರೂ ರೇಸ್ ಗೆಲ್ತಾರೇನ್ರೀ?’ ಎಂದು ಕೂಗಿದೆ.

‘ಸಮಾಧಾನ ಮಾಡ್ಕೊಳಮ್ಮ. ಎಲ್ಲಿ ಬ್ರೇಕ್ ಹಿಡೀಬೇಕು ಅನ್ನೋದೇ ವಿದ್ಯೆ, ಅದು ಅನುಭವಸ್ಥರಿಗೆ ಗೊತ್ತಿರೋದು’ ಎಂದರು ಮುಖ್ಯಸ್ಥರು. ಆಮೇಲೆ ಅಪ್ಪನ ಕಡೆ ತಿರುಗಿ, ‘ಮೇಷ್ಟ್ರೇ, ನೀವು ಹಿರಿಯರು, ನೀವೇ ಹೇಳ್ಬಿಡಿ. ಒತ್ತಿದ್ರಾ, ಇಲ್ವಾ?’ ಎಂದು ಕೇಳಿದರು.

ಅಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಮಾತಾಡಲಿಲ್ಲ. ಇಂಥ ಪ್ರಶ್ನೆಗೆ ಉತ್ತರ ಕೊಡುವುದೇ ಅವಮಾನ ಎಂದು ಸುಮ್ಮನಿದ್ದಾರೆ ಎಂದು ನಾನು ತಿಳಿದೆ. ಅಲ್ಲಿದ್ದವರು ಬೇರೆಯೇ ತಿಳಿದರು. ನನ್ನ ಟೈಮನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು. ಹಿಂದೆ ಯಾರೋ, ‘ಮಗ್ಳಿಗೆ ಕಪ್ ಕೊಡ್ಸಕ್ಕೆ ಅಪ್ಪನೇ ಓಡ್ಸವ್ನೆ ಕಣ್ಲಾ’ ಎಂದದ್ದು ಕಿವಿಗೆ ಬಿತ್ತು. ನನಗೆ ಅಳು ಬರಬೇಕಿತ್ತು, ಬರಲಿಲ್ಲ.

‘ಆ ಪೆಡಲ್ ಬಿಚ್ಚಿಸ್ತೀನಿ. ಒಬ್ಳೇ ಓಡಿಸ್ತೀನಿ. ನೋಡಿ ಆಮೇಲೆ ಮಾತಾಡ್ರಿ’ ಎಂದೆ. ಮೊದಲು ಆಗಲ್ಲ ಎಂದರು. ಜನ ಸೇರಿಬಿಟ್ಟಿದ್ದರು, ಅವರಿಗೂ ಮಜಾ ಬೇಕಿತ್ತು, ಬಿಡಿ ಬಿಡಿ ಎಂದು ಗಲಾಟೆ ಮಾಡಿದರು. ಕೊನೆಗೆ ಒಪ್ಪಿದರು. ಅಪ್ಪನೇ ಸ್ಪ್ಯಾನರ್ ತಂದು ಎಡಗಡೆಯ ಪೆಡಲ್ಲುಗಳ ರಾಡು ಬಿಚ್ಚಿದರು. ಸ್ಪ್ಯಾನರ್ ಎರಡು ಸಲ ಬೋಲ್ಟಿನಿಂದ ಜಾರಿತು. ಪಾಪ, ಎಷ್ಟು ನೊಂದಿದ್ದಾರೋ ಎಂದು ಆ ಸಿಟ್ಟಿನಲ್ಲೂ ನನಗೆ ಕನಿಕರವಾಯಿತು.

ಒಬ್ಬಳೇ ಹೋದೆ. ಹೊಂಗೆಮರದ ತಿರುವಿನಲ್ಲಿ ಈ ಸಲ ಗಾಡಿ ತಡೆಯಲಿಲ್ಲ. ನೀರು ಹರಿದಂತೆ ಇಳಿದು ತಿರುಗಿತು. ಎರಡು ನಿಮಿಷ ಆರು ಸೆಕೆಂಡು. ಐದು ಸೆಕೆಂಡು ಕಡಿಮೆ! ಜನ ಶಿಳ್ಳೆ ಹೊಡೆದರು. ಮಂಜಣ್ಣ ಹೆಗಲ ಮೇಲಿನ ಟವಲ್ ಬೀಸಿ ಕುಣಿದ. ನಾನು ಹೆಲ್ಮೆಟ್ ತೆಗೆದು ನೇರ ಟೇಬಲ್ಲಿಗೆ ಹೋಗಿ, ‘ಬರ್ಕೊಳ್ರಿ’ ಎಂದೆ.

ಪಿ.ಟಿ. ಮೇಷ್ಟ್ರು ಪೆನ್ನು ಹಿಡಿದು ಮುಖ್ಯಸ್ಥರ ಮುಖ ನೋಡಿದರು. ಅವರು, ‘ಚೆನ್ನಾಗಿ ಓಡಿಸ್ತೀಯಮ್ಮ, ಒಪ್ಪಿದೆ. ಆದ್ರೆ ಇದು ಬರೀ ನೋಡಕ್ಕೆ ಬಿಟ್ಟಿದ್ದು. ಪಟ್ಟಿ ಆಗ್ಲೇ ಮುಗ್ದಿದೆ’ ಎಂದರು. ಬಹುಮಾನದ ಕಪ್ ಆ ಗುತ್ತಿಗೆದಾರನ ಮಗನಿಗೆ ಹೋಯಿತು. ‘ಭಾಗವಹಿಸಿದ ಏಕೈಕ ಮಹಿಳೆ’ ಎಂದು ನನ್ನನ್ನೂ ವೇದಿಕೆಗೆ ಕರೆದು ಒಂದು ಹಾಟ್‌ಬಾಕ್ಸ್ ಕೊಟ್ಟರು. ಮುದ್ದೆ ಬಿಸಿಯಾಗಿಡಲು! ಅದನ್ನು ಅದೇ ಟೇಬಲ್ಲಿನ ಮೇಲೆ ಕುಕ್ಕಿ ಬಂದೆ.

ಮಂಜಣ್ಣ ಬೈಕಿನಲ್ಲಿ ಮುಂದೆ ಹೋದ. ನಾವು ಅಪ್ಪ ಮಗಳು ಕಾರಿನಲ್ಲಿ ಹೊರಟೆವು. ಹಳೇಬೀಡು ದಾಟುವವರೆಗೂ ನಾನು ಸಮಿತಿಯವರ ಏಳೇಳು ತಲೆಮಾರನ್ನು ಬೈದೆ. ಅಪ್ಪ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ಬಸ್ತಿಹಳ್ಳಿ ಕಡೆಯಿಂದ ಬರುತ್ತಿದ್ದ ಶಾಲಾ ಪ್ರವಾಸದ ಬಸ್ಸುಗಳ ನಡುವೆ ನುಗ್ಗಿಕೊಂಡು ಜಾವಗಲ್ ರಸ್ತೆಗೆ ಬಿದ್ದ ಮೇಲೆ ಕೋಪ ಸ್ವಲ್ಪ ಇಳಿಯಿತು. ಅಪ್ಪನ ಮುಖ ಸಪ್ಪಗಿದೆ, ನಗಿಸೋಣ ಎಂದು, ‘ಐದು ಸೆಕೆಂಡ್ ಹೆಂಗಪ್ಪ ಕಮ್ಮಿಯಾಯ್ತು? ನಿನ್ನ ತೂಕ ಇಳೀತಲ್ಲ, ಅದಕ್ಕೇ ಇರ್ಬೇಕು’ ಎಂದೆ.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಕಿಟಕಿಯ ಹೊರಗೆ ನೋಡುತ್ತ, ‘ತೂಕ ಅಲ್ಲ ಕಣವ್ವ. ಆ ಹೊಂಗೆಮರದತ್ರ ನಾನು ಬ್ರೇಕ್ ಒತ್ಬುಟ್ಟೆ’ ಎಂದರು.

ಮೊದಲಿಗೆ ಅರ್ಥವೇ ಆಗಲಿಲ್ಲ. ‘ಏನಂದೆ?’

‘ನೀನು ಜೋರಾಗಿ ಇಳೀತಿದ್ದೆ. ನಂಗೆ ಭಯ ಆಯ್ತು. ಕಾಲು ತಾನಾಗೇ ಹೋಯ್ತು, ಅಭ್ಯಾಸ.’

ಕಾರನ್ನು ರಸ್ತೆ ಬದಿಗೆ ಹಾಕಿದೆ. ‘ಮತ್ತೆ ಅವ್ರು ಕೇಳಿದಾಗ ಯಾಕಪ್ಪ ಬಾಯಿ ಮುಚ್ಕೊಂಡಿದ್ದೆ? ಹೌದು ಒತ್ತಿದೆ, ಅದ್ರಿಂದ ಅವ್ಳಿಗೆ ಲಾಸೇ ಆಯ್ತು ಅಂತ ಹೇಳಕ್ಕೆ ಏನಾಗಿತ್ತು?’

‘ಒತ್ತಿದೆ ಅಂದ್ರೆ ನಿನ್ನ ಟೈಮ್ ತೆಗೀತಾರೆ ಅಂತ ಸುಮ್ಕಿದ್ದೆ. ಒತ್ತಿಲ್ಲ ಅಂತ ಸುಳ್ಳು ಹೇಳಕ್ಕೆ ನಾಲ್ಗೆ ಬರ್ಲಿಲ್ಲ.’

ನನ್ನ ಬಾಯಿಂದ ಏನು ಬಂತೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ಸಮಿತಿಯವರು ನನ್ನನ್ನು ಆ ದಿನವಷ್ಟೇ ನೋಡಿದವರು. ಈ ಮನುಷ್ಯ ನನಗೆ ಹದಿನೆಂಟು ತುಂಬಿದ ವಾರವೇ ಸ್ಟೇರಿಂಗ್ ಕೊಟ್ಟವರು. ‘ನಮ್ ರೇಖಾ ಕೈಲಿ ಗಾಡಿ ಇದ್ರೆ ನಾನು ಕಣ್ಮುಚ್ಚಿ ನಿದ್ದೆ ಮಾಡ್ತೀನಿ’ ಎಂದು ಊರೆಲ್ಲ ಹೇಳಿಕೊಂಡು ತಿರುಗುವವರು. ಅವರಿಗೇ ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಇನ್ಯಾರಿಗಿದ್ದೀತು? ಮತ್ತೆ ಹೊರಟು ಜಾವಗಲ್ ಬಸ್ ನಿಲ್ದಾಣದ ಮುಂದೆ ಕಾರು ನಿಲ್ಲಿಸಿ, ‘ಇಳಿಯಪ್ಪ. ಬಸ್ಸಲ್ಲಿ ಬಾ’ ಎಂದೆ. ಅವರು ಇಳಿದರು. ಕೈಯಲ್ಲಿ ಹೆಲ್ಮೆಟ್ ಹಾಗೇ ಇತ್ತು.

ಎರಡು ಮೈಲಿ ಹೋದ ಮೇಲೆ ಮನಸ್ಸು ತಡೆಯದೆ ಬದಿಗೆ ನಿಲ್ಲಿಸಿದೆ. ವಾಪಸ್ ಹೋಗಲೋ ಬೇಡವೋ ಎನ್ನುವಷ್ಟರಲ್ಲಿ ಅರಸೀಕೆರೆ ಬಸ್ಸು ನನ್ನನ್ನು ದಾಟಿಕೊಂಡು ಹೋಯಿತು. ಅಪ್ಪ ಮುಂದಿನ ಸೀಟಿನಲ್ಲೇ ಕೂತಿದ್ದರು, ನನ್ನ ಕಡೆ ತಿರುಗಲಿಲ್ಲ. ಅಲ್ಲೂ ಕಾಲು ಒತ್ತುತ್ತಿದ್ದರೋ ಏನೋ.

ಆಮೇಲೆ ಎಂಟು ದಿನ ನಾವಿಬ್ಬರೂ ಮಾತಾಡಲಿಲ್ಲ. ಮುಂದಿನ ಭಾನುವಾರ ಅಪ್ಪ ಯಾರಿಗೂ ಹೇಳದೆ ಬೇಲೂರಿಗೆ ಹೋಗಿ, ಆ ಮುಖ್ಯಸ್ಥರ ಮನೆ ಹುಡುಕಿ, ‘ನಾನೇ ಒತ್ತಿದ್ದು ಸ್ವಾಮಿ. ನಾನು ಒತ್ತದೇ ಇದ್ದಿದ್ರೆ ಅವ್ಳು ಇನ್ನೂ ಬೇಗ ಬರ್ತಿದ್ಲು’ ಎಂದು ಹೇಳಿ ಬಂದರಂತೆ. ಅವರೇನು ಮಾಡಿದರು ಗೊತ್ತೆ? ಕಾಫಿ ಕೊಟ್ಟು, ತೊಡೆ ತಟ್ಟಿಕೊಂಡು ನಕ್ಕು, ‘ನೋಡಿದ್ರಾ ಮೇಷ್ಟ್ರೇ, ನಾವು ಹೇಳಿದ್ದೇ ಸರಿಯಾಯ್ತಲ್ಲ!’ ಎಂದರಂತೆ. ಈಗ ಆ ಕಡೆಯವರು ಯಾರೇ ಸಿಕ್ಕಿದರೂ, ‘ಅವತ್ತು ಓಡಿಸಿದ್ದು ನಿಮ್ಮಪ್ಪನೇ ಅಂತೆ, ಅವರೇ ಒಪ್ಕೊಂಡ್ರಂತಲ್ಲ’ ಎನ್ನುತ್ತಾರೆ. ನನ್ನನ್ನು ತಡೆದ ಕಾಲಿಗೇ ಗೆದ್ದ ಹೆಸರು ಬಂತು.

ಅಪ್ಪನ ಮೇಲಿನ ಸಿಟ್ಟು ಹೆಚ್ಚು ಕಡಿಮೆ ಇಳಿದಿದೆ. ಆ ವಯಸ್ಸಿನಲ್ಲಿ ಒಬ್ಬರೇ ಹೋಗಿ ತಪ್ಪು ಒಪ್ಪಿಕೊಂಡು ಬಂದರಲ್ಲ, ಅದು ದೊಡ್ಡದು. ಉಳಿದವರ ಮೇಲಿನದು ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ. ಆ ದಿನ ಒಬ್ಬಳೇ ಕೂತು, ಪಕ್ಕದ ಸೀಟು ಖಾಲಿ ಇಟ್ಟುಕೊಂಡು, ನಾನು ಎರಡು ನಿಮಿಷ ಆರು ಸೆಕೆಂಡಿನಲ್ಲಿ ಸುತ್ತಿ ಬಂದೆ. ಅವರು ಬರೆದುಕೊಳ್ಳಲಿಲ್ಲ. ಅದಕ್ಕೇ ನಾನು ಬರೆದಿದ್ದೇನೆ.